ಊರಿನ ಅರಿವು ಊರಲ್ಲೇ ಉಳೀಬೇಕು ಅಂದ್ರೆ: ಒಂದು ನೋಟ್‌ಬುಕ್ ಶುರು ಮಾಡೋದು ಹೆಂಗೆ

ನಮ್ಮ ಮಲೆನಾಡ ಕಡೆಯ ಭೂಮಿ ಹುಣ್ಣಿಮೆ ಹಬ್ಬದ ಹಿಂದಿನ ದಿನ ಸಂಜೆ ನಮ್ಮ ಪಕ್ಕದ ಮನೆ ಅಜ್ಜಿ ಒಂದು ಬುಟ್ಟಿ ಸೊಪ್ಪು ಕೊಯ್ಕಂಡು ಬಂದು ಜಗಲಿ ಮೇಲೆ ಸುರಿಯೋರು. ಬೆಳಗಿನ ಜಾವ ಗದ್ದೆಗೆ ಬೀರೋ ಸೊಪ್ಪಿನ ಅಡುಗೆ ಹಚ್ಚಂಬ್ಲಿಗೆ ಅದು, ಭೂಮ್ತಾಯಿ ಬಸುರಿ, ಅವಳ ಬಯಕೆ ಊಟಕ್ಕೆ ಬೇಲಿ ಮೇಲಿಂದು, ಗುಡ್ಡದ ಮೇಲಿಂದು, ಗದ್ದೆ ಅಂಚಿಂದು ಎಲ್ಲಾ ನಮೂನೆ ಸೊಪ್ಪೂ ಬೇಕು. ಒಂದು ವರ್ಷ ನಾನು ಪಕ್ಕದಲ್ಲಿ ಕೂತು "ಅಜ್ಜಿ, ಇದರಲ್ಲಿ ಎಷ್ಟು ಥರದ್ದಿದೆ" ಅಂತ ಕೇಳ್ದೆ. ಅವರು ಒಂದೊಂದೇ ಎಲೆ ಎತ್ತಿ ಪಕ್ಕಕ್ಕಿಡ್ತಾ ಹೆಸರು ಹೇಳ್ತಾ ಹೋದ್ರು, ಒಂದೆಲಗ, ಚಗಟೆ, ಹರಿವೆ, ಕೆಸು, ಕನ್ನೆಕುಡಿ... ನಲವತ್ತು ದಾಟ್ತು. ನಂಗೆ ನೋಡಿದ ತಕ್ಷಣ ಗುರುತು ಸಿಕ್ಕಿದ್ದು ಎಂಟು. ಕ್ಯಾಲೆಂಡರ್ ಹಾಳೆ ಹಿಂದೆ ಒಂದಿಷ್ಟು ಗೀಚ್ಕಂಡೆ, ಉಳಿದದ್ದು ಬರೋ ವರ್ಷ ಕೇಳಿದ್ರಾಯ್ತು ಅಂತ ಬಿಟ್ಟೆ. ಬರೋ ವರ್ಷ ಅಜ್ಜಿ ಇರ್ಲಿಲ್ಲ.

ಅವತ್ತಿಂದ ನಮ್ಮೂರಲ್ಲಿ ನಾವೊಂದಿಷ್ಟು ಜನ ಸೇರ್ಕಂಡು ಒಂದು ನೋಟ್‌ಬುಕ್ ಇಟ್ಟಿದೀವಿ. ಊರ ಹೊಳೆ, ಮರ, ಸೊಪ್ಪು, ಬೀಜ, ಮಳೆ, ಗದ್ದೆ ಹೆಸರು ಹೀಗೆ ಊರಿನೋರಿಗೆ ಗೊತ್ತಿರೋದನ್ನ ಊರಿನೋರೇ ಬರೆಯೋದು. ನಿಮ್ಮೂರಲ್ಲೂ ಮಾಡ್ಬೋದು, ದುಡ್ಡು ಬೇಕಾಗಿಲ್ಲ, ಸಂಘ ರಿಜಿಸ್ಟರ್ ಮಾಡಿಸ್ಬೇಕಾಗಿಲ್ಲ. ನಾವು ಮಾಡ್ತಾ ಮಾಡ್ತಾ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದಲನೇದು, ಎಲ್ಲಾ ಒಟ್ಟಿಗೆ ಬರೆಯಕ್ಕೆ ಹೋಗ್ಬೇಡಿ. "ನಮ್ಮೂರ ಸಮಗ್ರ ಮಾಹಿತಿ" ಅಂತ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದ ಪುಸ್ತಕ ಐದನೇ ಪುಟಕ್ಕೇ ನಿಂತು ಹೋಗುತ್ತೆ. ಒಂದೇ ವಿಷಯ ತಗಳಿ. ಊರಲ್ಲಿ ಜನ ಈಗಲೂ ಬಾಯಿತುಂಬ ಮಾತಾಡೋ ವಿಷಯ ಯಾವುದೋ ಅದನ್ನೇ ತಗಳಿ. ಸಾಗರ, ಹೊಸನಗರದ ಕಡೆ ಆದ್ರೆ ನಾನು ಅಪ್ಪೆಮಿಡಿಯಿಂದ, ಅಂದ್ರೆ ಉಪ್ಪಿನಕಾಯಿಗೆ ಹಾಕೋ ಪರಿಮಳದ ಮಾವಿನ ಮಿಡಿಯಿಂದ, ಶುರು ಮಾಡಿ ಅಂತೀನಿ, ಯಾಕಂದ್ರೆ ಉಪ್ಪಿನಕಾಯಿ ಮಾತು ಬಂದ್ರೆ ಸುಮ್ಮನೆ ಕೂರೋ ಮನೆ ಒಂದೂ ಇಲ್ಲ. ಸೊರಬದ ಕಡೆ ಭತ್ತದ ಹಳೇ ತಳಿ ಇರ್ಬೋದು, ತೀರ್ಥಹಳ್ಳಿ ಕಡೆ ತೋಟಕ್ಕೆ ಸೊಪ್ಪು ತರೋ ಸೊಪ್ಪಿನಬೆಟ್ಟ ಇರ್ಬೋದು, ನಿಮ್ಮೂರಿಗೆ ಯಾವುದು ಒಪ್ಪುತ್ತೋ ಅದು.

ಕಾಲ ನೋಡ್ಕಂಡು ಹೋಗ್ಬೇಕು, ಇದು ಬಹಳ ಮುಖ್ಯ. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ನೋಟ್‌ಬುಕ್ ಹಿಡ್ಕಂಡು ಹೋದ್ರೆ ಯಾರೂ ತಲೆ ಎತ್ತಿ ನೋಡಲ್ಲ, ಸುಲಿಯೋದು ಬೇಯ್ಸೋದು ಒಣಗ್ಸೋದು ಅಂತ ಮನೆಮಂದಿಯೆಲ್ಲ ಅದರಲ್ಲೇ ಇರ್ತಾರೆ. ನಟ್ಟಿ ಹೊತ್ತಲ್ಲೂ ಬೇಡ. ನಟ್ಟಿ ಮುಗಿದು ಮಳೆ ಇನ್ನೂ ಹಿಡ್ಕಂಡಿರುತ್ತಲ್ಲ, ಶ್ರಾವಣದ ಸಂಜೆ, ಬಚ್ಚಲ ಒಲೆ ಮುಂದೆ ಹಲಸಿನ ಬೀಜ ಸುಟ್ಕಂಡು ಕೂತಿರ್ತಾರಲ್ಲ, ಆ ಹೊತ್ತು ಚಿನ್ನ. ಇನ್ನೊಂದು ಬೇಸಿಗೆ ಶುರುವಲ್ಲಿ, ಮಿಡಿ ಬರೋ ಹೊತ್ತು, ಅದು ನಡೆದಾಡೋ ಕೆಲಸಕ್ಕೆ.

ನಡೆದಾಡೋದು ಅಂದ್ನಲ್ಲ, ಅದರ ಬಗ್ಗೆ ಸ್ವಲ್ಪ ಹೇಳ್ಬೇಕು. ಮನೇಲಿ ಕೂರ್ಸಿ "ನಿಮಗೆ ಯಾವ್ಯಾವ ಮರ ಗೊತ್ತು ಹೇಳಿ" ಅಂದ್ರೆ ಎಂಥ ತಿಳಿದೋರೂ ಮೂರು ಹೆಸರು ಹೇಳಿ "ಮತ್ತೆಂತ ಇದೆ ಮಾರಾಯ, ಎಲ್ಲಾ ನಿಮಗೆ ಗೊತ್ತಿದ್ದದ್ದೇ" ಅಂತಾರೆ. ಅದೇ ಮನುಷ್ಯನ ಜೊತೆ ಹೊಳೆದಂಡೇಲಿ ಒಂದು ಮೈಲಿ ನಡೀರಿ, ಅವರಾಗೇ ನಿಲ್ತಾರೆ, ಅವರಾಗೇ ಹೇಳ್ತಾರೆ. ನಮ್ಮೂರ ಹಿರಿಯರೊಬ್ರು ಅಪ್ಪೆಮರದ ಕೆಳಗೆ ನಿಂತು ಒಂದು ಮಿಡಿ ಕಿತ್ತು ತೊಟ್ಟು ಮುರಿದ್ರು, ಚಿಳ್ಳನೆ ಸೊನೆ ಹಾರ್ತು, ಮೂಗಿನ ಹತ್ರ ಹಿಡಿದು "ನೋಡು ತಮಾ, ಜೀರಿಗೆ" ಅಂದ್ರು. ಹತ್ತು ಹೆಜ್ಜೆ ಆಚೆ ಇನ್ನೊಂದು ಮರ, ನೋಡಕ್ಕೆ ಹಂಗೇ ಇದೆ, ಅದರ ಸೊನೆ ಕರ್ಪೂರದ ವಾಸನೆ. ಕಾಯಿ ಇಲ್ಲದ ಕಾಲದಲ್ಲಿ ಎಲೆ ಮುರಿದು ಮೂಸಿದ್ರೂ ಒಂದು ಅಂದಾಜು ಸಿಗುತ್ತಂತೆ. ಈ ಮಾತು ಜಗಲಿ ಮೇಲೆ ಯಾವತ್ತೂ ಬರ್ತಿರ್ಲಿಲ್ಲ, ಮರದ ಕೆಳಗೆ ಬಂತು. ಅಪ್ಪೆಮಿಡಿಗೆ ಜಿಐ ಟ್ಯಾಗ್ (ಇದು ಇಂಥ ಸೀಮೆಯದ್ದು ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ಸರಿ, ಆದರೆ ಯಾವ ಹೊಳೆದಂಡೇಲಿ ಯಾವ ವಾಸನೆ ಮರ ಇದೆ, ಯಾವುದರ ಮಿಡಿ ಉಪ್ಪಲ್ಲಿ ವರ್ಷಗಟ್ಟಲೆ ಮೆತ್ತಗಾಗದೆ ಉಳಿಯುತ್ತೆ ಅನ್ನೋದು ಆ ಟ್ಯಾಗಲ್ಲಿಲ್ಲ, ಅದು ಇಂಥೋರ ಮೂಗಲ್ಲಿ, ಉಪ್ಪಿನಕಾಯಿ ಹಾಕೋ ಹೆಂಗಸರ ಕೈಯಲ್ಲಿದೆ.

ಯಾರನ್ನ ಕೇಳ್ಬೇಕು? ಊರ ದೊಡ್ಡ ಮನೆಯ ಯಜಮಾನ್ರನ್ನ ಮೊದಲು ಕೇಳೋದು ನಮ್ಮ ರೂಢಿ, ಅವರಿಗೂ ಗೊತ್ತಿರುತ್ತೆ, ಆದರೆ ಅಲ್ಲಿಗೇ ನಿಲ್ಬೇಡಿ. ಕೊನೆಗೌಡರನ್ನ ಕೇಳಿ. ಅಡಿಕೆ ಮರದ ತುದೀಲಿ ನಿಂತು ಇಡೀ ತೋಟ ನೋಡೋರು ಅವರು, ಕೊಳೆರೋಗ ಮೊದಲು ಯಾವ ಮೂಲೇಲಿ ಕಾಣಿಸ್ಕಣತ್ತೆ, ಎಲೆಚುಕ್ಕಿ ರೋಗ ಯಾವ ದಿಕ್ಕಿಂದ ಬಂತು, ಯಾವ ತೋಟದಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತೆ, ಹತ್ತಾರು ತೋಟದ್ದು ಅವರ ತಲೇಲಿರುತ್ತೆ. ತೋಟದ ಮಾಲೀಕನಿಗೆ ಅವನ ತೋಟ ಮಾತ್ರ ಗೊತ್ತು. ದನ ಕಾಯೋರು, ದರಗು (ಕಾಡಲ್ಲಿ ಉದುರಿದ ಒಣಗಿದೆಲೆ) ಗುಡಿಸಕ್ಕೆ ಹೋಗೋ ಹೆಂಗಸರು, ಜೇನು ಕೀಳೋರು, ಬುಟ್ಟಿ ಹೆಣೆಯೋರು, ನಾಟಿ ಔಷಧಿ ಕೊಡೋರು, ಕೂಲಿಗೆ ಬರೋರು, ಇವರನ್ನೆಲ್ಲ ಕೇಳದೆ ಬರೆದ ಪುಸ್ತಕ ಅರ್ಧ ಪುಸ್ತಕ. ಇನ್ನೊಂದು ಮಾತು ನೇರವಾಗಿ ಹೇಳ್ಬಿಡ್ತೀನಿ: ಸಭೆ ಯಾರ ಮನೆ ಜಗಲೀಲಿ ಮಾಡ್ತೀರಿ ಅನ್ನೋದರ ಮೇಲೆ ಯಾರು ಬರ್ತಾರೆ ಅನ್ನೋದು ನಿಂತಿದೆ. ಕೆಲವು ಜಗಲಿಗೆ ಕೆಲವರು ಇವತ್ತಿಗೂ ಹತ್ತಲ್ಲ, ಹತ್ತಕ್ಕೆ ಮನಸ್ಸು ಬರಲ್ಲ. ಶಾಲೆ, ಅಂಗನವಾಡಿ, ಬಸ್ ಸ್ಟ್ಯಾಂಡಿನ ಕಟ್ಟೆ, ಇಂಥಲ್ಲಿ ಸೇರಿ. ಹೆಂಗಸರಿಗೆ ಬೇರೆ ಸಭೆ ಕರೆಯೋ ಬದಲು ಅವರ ಸ್ತ್ರೀಶಕ್ತಿ ಸಂಘದ ವಾರದ ಮೀಟಿಂಗಿಗೆ ನೀವೇ ಹೋಗಿ ಹತ್ತು ನಿಮಿಷ ಕೇಳ್ಕಳಿ, ಅಲ್ಲಿ ಒಬ್ರು ತಪ್ಪು ಹೇಳಿದ್ರೆ ಇನ್ನೊಬ್ರು ತಿದ್ದುತಾರೆ, ಅದಕ್ಕಿಂತ ಒಳ್ಳೆ ಪರಿಶೀಲನೆ ಇನ್ನೊಂದಿಲ್ಲ.

ಬರೆಯೋ ರೀತಿ ಸರಳ ಇರ್ಲಿ. ಅವರು ಹೇಳಿದ ಮಾತನ್ನ ಅವರ ಮಾತಲ್ಲೇ ಬರೀರಿ. ನೀವು ಗ್ರಂಥದ ಭಾಷೆಗೆ ತಿರುಗ್ಸಿದ ತಕ್ಷಣ ಅರ್ಧ ವಿಷಯ ಬಿದ್ದು ಹೋಗುತ್ತೆ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನೋದನ್ನ "ಆಗಸ್ಟ್ ಮಳೆ ಬೆಳೆಗೆ ಉಪಯುಕ್ತ" ಅಂತ ಬರೆದ್ರೆ ಅದರಲ್ಲಿ ಎಂತ ಉಳೀತು? ನಾವು ಒಂದು ಪುಟ ಹೆಂಗೆ ಬರೀತೀವಿ ಅಂತ ಒಂದು ಮಾದರಿ ಹಾಕ್ತೀನಿ:

ಏನು: ಅಪ್ಪೆಮರ, ಊರಲ್ಲಿ ಕರೆಯೋದು "ಸಂಕದ ಜೀರಿಗೆ".
ಹೇಳಿದ್ದು ಯಾರು: (ಹೆಸರು, ಮನೆ, ವಯಸ್ಸು). ಹೆಸರು ಹಾಕ್ಬೋದು ಅಂದಿದಾರೆ.
ಗುರುತು: ಸೊನೆ ಜೀರಿಗೆ ವಾಸನೆ, ಮಿಡಿ ಉದ್ದ, ತೊಟ್ಟು ಗಟ್ಟಿ.
ಕೊಯ್ಯೋದು: ತೊಟ್ಟು ಸಮೇತ, ನೆಲಕ್ಕೆ ಬೀಳಿಸ್ಬಾರ್ದು, ಪೆಟ್ಟು ಬಿದ್ದ ಮಿಡಿ ಭರಣಿ ಕೆಡಿಸುತ್ತೆ. ಕೊಂಬೆ ಕಡೀಬಾರ್ದು.
ಮೊದಲು ಹೆಂಗಿತ್ತು: ಈ ದಂಡೇಲಿ ಇಂಥವು ಹನ್ನೊಂದು ಇದ್ವು.
ಈಗ: ನಾಲ್ಕು. ಒಂದರ ಬುಡ ಮಣ್ಣು ಕೊಚ್ಚಿ ಹೋಗಿದೆ.
ಮಾಡ್ಬೇಕಾದ್ದು: ಕಡ್ಡಿ ತಂದು ಕಸಿ ಕಟ್ಟೋದು, ಮೂರು ಮನೆಯೋರು ಒಪ್ಪಿದಾರೆ.

ಕೊನೇ ಮೂರು ಸಾಲು ಬಿಡ್ಬೇಡಿ. ಬರೀ ಹೆಸರು ಪಟ್ಟಿ ಮಾಡಿದ್ರೆ ಅದು ಪಟ್ಟಿ ಅಷ್ಟೇ, ಮೊದಲು ಎಷ್ಟಿತ್ತು ಈಗ ಎಷ್ಟಿದೆ ಅಂತ ಬರೆದಾಗ ಓದೋರಿಗೆ ಎಂತಾದ್ರೂ ಮಾಡ್ಬೇಕು ಅನ್ಸುತ್ತೆ. ಓಟೆ ಬಿತ್ತಿದ್ರೆ ತಾಯಿಮರದ ಗುಣ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ ಕಸಿ. ನಮ್ಮಲ್ಲಿ ಈ ಪುಟ ಓದಿದ ಮೇಲೇ ಕಸಿ ಕಟ್ಟಕ್ಕೆ ಬರೋ ಒಬ್ರು ಹುಡುಗ್ರಿಗೆ ಹೇಳ್ಕೊಟ್ರು.

ಫೋನಲ್ಲಿ ರೆಕಾರ್ಡ್ ಮಾಡ್ಕಳಿ, ಆದರೆ ಕೇಳಿ ಮಾಡ್ಕಳಿ. ಜೇಬಲ್ಲಿಟ್ಕಂಡು ಕದ್ದು ರೆಕಾರ್ಡ್ ಮಾಡೋದು ಬೇಡವೇ ಬೇಡ, ಒಂದು ಸಲ ಗೊತ್ತಾದ್ರೆ ಊರಲ್ಲಿ ಯಾರೂ ಬಾಯಿ ಬಿಡಲ್ಲ. ಹಾಡು, ಗಾದೆ, ಹಕ್ಕಿ ಕೂಗಿನ ಅನುಕರಣೆ ಇಂಥದ್ದಕ್ಕೆ ರೆಕಾರ್ಡಿಂಗೇ ಸರಿ, ಬರೆದ್ರೆ ಸಿಗಲ್ಲ. ಸೊರಬ, ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ಇದ್ಯಲ್ಲ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ, ಅದನ್ನ ಬರೆಯುವಾಗ ಕೈ ಹೆಂಗೆ ಹೋಗುತ್ತೆ ಅನ್ನೋದಕ್ಕೆ ಎರಡು ನಿಮಿಷದ ವಿಡಿಯೋ ಹತ್ತು ಪುಟಕ್ಕೆ ಸಮ.

ಎಲ್ಲಾ ಬರೀಬಾರ್ದು ಅನ್ನೋದೂ ಕಲೀಬೇಕು. ಇದನ್ನ ನಾವು ನೋವು ತಿಂದು ಕಲ್ತಿದ್ದು. ನಮ್ಮ ಜೊತೆಗಿದ್ದ ಹುಡುಗ ಒಬ್ಬ ಒಂದು ಒಳ್ಳೆ ಅಪ್ಪೆಮರದ ಫೋಟೋ, ದಾರಿ ಸಮೇತ, ದೊಡ್ಡ ವಾಟ್ಸಾಪ್ ಗ್ರೂಪಿಗೆ ಹಾಕಿದ. ಒಳ್ಳೇ ಮನಸ್ಸಿಂದಲೇ ಹಾಕಿದ್ದು. ಎರಡು ವಾರದಲ್ಲಿ ಯಾರೋ ಹೊರಗಿನೋರು ಚೀಲ ತಗಂಡು ಬಂದು ಮಿಡಿ ಕೊಯ್ಯೋ ತಾಳ್ಮೆ ಇಲ್ಲದೆ ಕೊಂಬೆಗಳನ್ನೇ ಕಡಿದು ಕೆಡವಿ ಹೋಗಿದ್ರು. ಮರ ಸಾಯ್ಲಿಲ್ಲ, ಆದರೆ ಮುಂದಿನ ಎರಡು ವರ್ಷ ಅದರಲ್ಲಿ ಒಂದು ಮಿಡಿ ಕಾಣ್ಲಿಲ್ಲ. ಅದಕ್ಕೇ ಈಗ ಜಾಗದ ವಿವರ ಇರೋ ಪುಟಗಳು ಬೇರೆ ಪುಸ್ತಕದಲ್ಲಿ, ಅದು ಊರೊಳಗೇ ಇರುತ್ತೆ. ಜೇನಿನ ಮರ, ಔಷಧಿ ಗಿಡ ಇರೋ ಜಾಗ, ಸೀತಾಳೆ ದಂಡೆ (ಮರದ ಮೇಲೆ ಬೆಳೆಯೋ ಆರ್ಕಿಡ್ ಹೂ) ಇರೋ ಮರ, ಇವು ಆ ಪುಸ್ತಕದವು. ನಾಟಿ ಔಷಧಿ ಕೊಡೋರು "ಇದನ್ನ ಬರೀಬೇಡ" ಅಂದ್ರೆ ಬರೀಬೇಡಿ, ಮನೆತನದ ಗುಟ್ಟು ಅದು, ಒತ್ತಾಯ ಮಾಡ್ಬೇಡಿ. ಕೊಟ್ಟದ್ದನ್ನ ಬರೆಯುವಾಗಲೂ "ಇಂಥೋರು ಹಿಂಗೆ ಕೊಡ್ತಾರೆ" ಅಂತ ಬರೀರಿ, "ಇದಕ್ಕೆ ಇದು ಮದ್ದು" ಅಂತ ಬೇಡ. ಹಾವು ಕಚ್ಚಿದ್ರೆ ಆಸ್ಪತ್ರೆಗೇ ಓಡ್ಬೇಕು, ಪುಸ್ತಕ ತೆಗೆದು ನೋಡೋದಲ್ಲ. ಅಣಬೆ ಪುಟದ ತಲೇಲಿ ಮಕ್ಕಳು ಇದನ್ನ ನೋಡ್ಕಂಡು ಕಿತ್ತು ತಿನ್ಬಾರ್ದು, ಗೊತ್ತಿರೋರು ಜೊತೆಗಿರಲೇಬೇಕು ಅಂತ ಕೆಂಪಕ್ಷರದಲ್ಲಿ ಹಾಕಿದೀವಿ.

ಜಾಗದ ಹೆಸರುಗಳಿಗೆ ಒಂದು ಭಾಗ ಇಟ್ಕಳಿ ಅಂತ ಕೈಮುಗಿದು ಕೇಳ್ತೀನಿ. ಪ್ರತಿ ಗದ್ದೆಗೊಂದು ಹೆಸರಿದೆ, ಹೊಂಡಕ್ಕೆ, ತಿರುವಿಗೆ, ಬಂಡೆಗೆ, ಸಂಕಕ್ಕೆ (ಕಾಲುಸೇತುವೆಗೆ) ಹೆಸರಿದೆ. ಪಹಣೀಲಿ ಇರೋದು ಸರ್ವೆ ನಂಬರ್ ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಎಷ್ಟೋ ಊರು ಮುಳುಗಿದ್ವಲ್ಲ, ಆ ಮುಳುಗಡೆ ಮನೆಯೋರು ಬೇರೆ ಬೇರೆ ಕಡೆ ಹಂಚಿ ಹೋದ್ರು. ಅವರಲ್ಲಿ ಒಬ್ರು ವಯಸ್ಸಾದೋರ ಹತ್ರ ನಾನು ಒಂದು ಮಧ್ಯಾಹ್ನ ಕೂತಿದ್ದೆ. ಅವರು ನೆಲದ ಮೇಲೆ ಕಡ್ಡೀಲಿ ಗೆರೆ ಎಳೆದು ತಮ್ಮ ಊರು ಬರೆದ್ರು, ಇದು ಕೆಳಗಿನ ಬೈಲು, ಇದು ಮಕ್ಕಿಗದ್ದೆ, ಇಲ್ಲಿ ಹೊಳೆ ದಾಟೋ ಕಲ್ಲು, ಇಲ್ಲಿ ಅಪ್ಪೆಮರ ಸಾಲಿಗೆ ಆರು. ಬರೆದು ಮುಗಿದ ಮೇಲೆ ಕೈಯಲ್ಲೇ ಒರೆಸಿ ಎದ್ರು. ನಾನು ಅದರ ಫೋಟೋ ತೆಗೆಯೋ ಅಷ್ಟರಲ್ಲಿ ಅರ್ಧ ಹೋಗಿತ್ತು. ನೀರಿನ ಕೆಳಗಿರೋ ಊರಿನ ನಕ್ಷೆ ಇನ್ನೂ ನೆನಪಲ್ಲಿಟ್ಕಂಡಿರೋರು ಈಗ ಎಂಬತ್ತರ ಆಚೀಚೆ ಇದಾರೆ. ನಿಮ್ಮೂರಲ್ಲಿ ಅಂಥ ಮನೆ ಇದ್ರೆ ಬೇರೆಲ್ಲ ಬಿಟ್ಟು ಮೊದಲು ಅಲ್ಲಿಗೆ ಹೋಗಿ, ದೊಡ್ಡ ಡ್ರಾಯಿಂಗ್ ಶೀಟ್ ತಗಂಡು ಹೋಗಿ.

ಅಳತೆಗಳನ್ನೂ ಬರ್ಕಳಿ, ಕೊಳಗ, ಸೇರು, ಸಿದ್ದೆ, ಪಾವು, ಯಾವುದು ಎಷ್ಟು, ಯಾವ ಊರಲ್ಲಿ ಎಷ್ಟು. ಇದೆಂತ ಸಣ್ಣ ವಿಷಯ ಅನ್ಬೇಡಿ. 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡಿದ್ದರ ಹಿಂದೆ ಗೇಣಿ ಭತ್ತ ಅಳೆಯೋ ಕೊಳಗದ ಜಗಳ ಇತ್ತು. ಕೊಳಗದಲ್ಲಿ ಎಷ್ಟು ಸೇರು ಹಿಡಿಯುತ್ತೆ ಅನ್ನೋದು ಗೇಣಿದಾರರ ಮನೇಲಿ ಎಲ್ಲರಿಗೂ ಬಾಯಲ್ಲಿತ್ತು, ಅದಕ್ಕೇ ಅವರು ಎದ್ದು ನಿಂತ್ರು.

ಮಳೆ ಲೆಕ್ಕ ಮಕ್ಕಳಿಗೆ ಕೊಡಿ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರೋ ಒಂದು ಡಬ್ಬ, ಸುತ್ತ ಮರ ಮಾಡು ಇಲ್ಲದ ಬಯಲಲ್ಲಿ ಇಡೋದು, ದಿನಾ ಬೆಳಿಗ್ಗೆ 8:30ಕ್ಕೆ ಸ್ಕೇಲಲ್ಲಿ ಅಳೆಯೋದು, ಬರೆದು ಚೆಲ್ಲೋದು. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯೋದು, ಹೋಲಿಸಕ್ಕೆ ಸುಲಭ. ಒಂದು ಮಿಲಿಮೀಟರ್ ಅಂದ್ರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು, ಇದನ್ನ ಶಾಲೆ ಅಂಗಳದ ಅಳತೆ ಹಿಡಿದು ಲೆಕ್ಕ ಹಾಕಿಸಿ, ಮಕ್ಕಳ ಕಣ್ಣು ಅರಳುತ್ತೆ. ಪಕ್ಕದ ಕಾಲಮಲ್ಲಿ ಮಳೆ ನಕ್ಷತ್ರ ಬರೀರಿ. ಜೂನ್ ಮೊದಲ ವಾರ ಮುಗಿಯೋ ಹೊತ್ತಿಗೆ ಮೃಗಶಿರ, ಅದಾಗಿ ಸುಮಾರು ಹದಿನಾಲ್ಕು ದಿನಕ್ಕೆ ಆರಿದ್ರಾ, ಹಂಗೇ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಮೂರ್ನಾಲ್ಕು ವರ್ಷ ಆದ್ಮೇಲೆ ಅಜ್ಜ ಹೇಳೋ ಗಾದೆ ಎಲ್ಲಿ ಹೊಂದುತ್ತೆ, ಎಲ್ಲಿ ಈಗ ತಪ್ತಾ ಇದೆ ಅಂತ ಕಾಣಕ್ಕೆ ಶುರುವಾಗುತ್ತೆ. ಅಡಿಕೆಗೆ ಕೊಳೆ ಔಷಧಿ ಬೋರ್ಡೋ ಹೊಡೆಯೋ ದಿನ ಗೊತ್ತು ಮಾಡಕ್ಕೂ ಇದು ಕೆಲಸಕ್ಕೆ ಬರುತ್ತೆ, ತೋಟದೋರೇ ಬಂದು ಮಕ್ಕಳ ಪುಸ್ತಕ ಕೇಳ್ತಾರೆ.

ಒಂದು ಪುಟ ಮಾತ್ರ ಕಡ್ಡಾಯ ಅಂತೀನಿ, ಮಂಗನ ಕಾಯಿಲೆ ಪುಟ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಕಾಯಿಲೆ, ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರೋದು, ಡಿಸೆಂಬರಿಂದ ಮೇವರೆಗೆ ಜೋರು. ಸರಿಯಾಗಿ ನಮ್ಮ ಜನ ದರಗಿಗೆ ಸೌದೆಗೆ ಕಾಡಿಗೆ ಹೋಗೋ ಕಾಲ ಅದು. ಮಂಗ ಸತ್ತು ಬಿದ್ದಿರೋದನ್ನ ಮೊದಲು ನೋಡೋದು ಯಾವ ಆಫೀಸಿನೋರೂ ಅಲ್ಲ, ದನ ಕಾಯೋ ಹುಡುಗ, ದರಗಿಗೆ ಹೋದ ಅಕ್ಕ. ಆ ಪುಟದಲ್ಲಿ ನಾಲ್ಕೇ ಕಾಲಂ: ತಾರೀಕು, ಯಾವ ಜಾಗ, ನೋಡಿದ್ದು ಯಾರು, ಯಾರಿಗೆ ತಿಳಿಸಿದ್ರಿ. ಸತ್ತ ಮಂಗ ಮುಟ್ಬಾರ್ದು, ಹತ್ರ ಹೋಗ್ಬಾರ್ದು, ಅವತ್ತೇ ಆಶಾ ಅಕ್ಕನಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡ್ಬೇಕು, ಆ ದಿಕ್ಕಿಗೆ ಹೋಗ್ಬೇಡಿ ಅಂತ ಮನೆಮನೆಗೆ ಹೇಳ್ಬೇಕು. ನೋಟ್‌ಬುಕ್ಕಿನ ಬೇರೆ ಪುಟ ತಡವಾದ್ರೆ ನಡೆಯುತ್ತೆ, ಇದು ತಡ ಆಗ್ಬಾರ್ದು.

ಪಂಚಾಯ್ತಿ ಕಡೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಆ ಸಮಿತಿ ಜನರನ್ನ ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡ್ಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ ಕೊನೆಯೊಳಗೆ ಮುಗಿಸಿ ಅಂತ ಗಡುವು ಹಾಕಿತ್ತು. ಹಂಗಾಗಿ ನಿಮ್ಮ ಪಂಚಾಯ್ತೀಲೂ ಒಂದು ದಾಖಲಾತಿ ಇರೋ ಸಾಧ್ಯತೆ ಜಾಸ್ತಿ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ರ ಹೋಗಿ ನೋಡಕ್ಕೆ ಕೇಳಿ, ಸುಮ್ಮನೆ ಕೇಳಿದ್ರೆ ಸಿಗದಿದ್ರೆ ಮಾಹಿತಿ ಹಕ್ಕಲ್ಲಿ ಹತ್ತು ರೂಪಾಯಿ ಅರ್ಜಿ ಹಾಕಿ. ಸಿಕ್ಕ ಮೇಲೆ ಅದನ್ನ ನಿಮ್ಮ ನೋಟ್‌ಬುಕ್ ಪಕ್ಕ ಇಟ್ಕಂಡು ಓದಿ. ನಿಮ್ಮೂರಲ್ಲಿ ಇಲ್ಲದ ಗಿಡ ಅದರಲ್ಲಿರ್ಬೋದು, ಇರೋದು ಬಿಟ್ಟು ಹೋಗಿರ್ಬೋದು. ಜಗಳಕ್ಕೆ ಹೋಗ್ಬೇಡಿ, ಗ್ರಾಮಸಭೆಗೆ ಹೋಗಿ. ಆರು ತಿಂಗಳಿಗೊಂದಾದ್ರೂ ಗ್ರಾಮಸಭೆ ಆಗಲೇಬೇಕು ಅಂತ ಕಾನೂನಿದೆ, ಅದಕ್ಕೂ ಮೊದಲು ವಾರ್ಡ್ ಸಭೆ ಇದೆ. ಅಲ್ಲಿ ನಿಮ್ಮ ಪುಟ ಓದಿ, ಇದನ್ನ ಸೇರಿಸ್ಬೇಕು ಅಂತ ಲಿಖಿತವಾಗಿ ಕೊಡಿ, ನಡಾವಳೀಲಿ ಬರೆದಿದಾರಾ ಅಂತ ನೋಡಿ ಸಹಿ ಹಾಕಿ. ಐದು ಜನ ಹೋಗಿ ಹೇಳೋದಕ್ಕೂ ಇಪ್ಪತ್ತು ಜನ ಹೋಗಿ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ, ಅದರಲ್ಲಿ ಹೆಂಗಸರು ಹತ್ತು ಜನ ಇದ್ರೆ ಇನ್ನೂ ವ್ಯತ್ಯಾಸ.

ವಾಟ್ಸಾಪ್ ಗ್ರೂಪ್ ಬೇಕಾ ಅಂತ ಕೇಳ್ತಾರೆ. ಇರ್ಲಿ, ಬರೆಯಕ್ಕೆ ಬಾರದೋರು ವಾಯ್ಸ್ ಮೆಸೇಜ್ ಹಾಕ್ತಾರೆ, ಅದು ಒಳ್ಳೇದೇ. ಆದರೆ ಗುಡ್ ಮಾರ್ನಿಂಗ್ ಫೋಟೋಗಳ ಮಧ್ಯ ಒಳ್ಳೆ ಮಾಹಿತಿ ಮುಳುಗಿ ಹೋಗುತ್ತೆ, ಹಂಗಾಗಿ ವಾರಕ್ಕೊಂದು ಸಲ ಒಬ್ರು ಕೂತು ಅದರಲ್ಲಿ ಬಂದಿದ್ದನ್ನ ಪುಸ್ತಕಕ್ಕೆ ಇಳಿಸ್ಲೇಬೇಕು. ಯಾರು ಅಂತ ಹೆಸರು ಹಿಡಿದು ತೀರ್ಮಾನ ಮಾಡಿ, "ಯಾರಾದ್ರೂ ಮಾಡ್ತಾರೆ" ಅಂದ್ರೆ ಯಾರೂ ಮಾಡಲ್ಲ.

ಇನ್ನು ಬರೆದದ್ದನ್ನ ವಾಪಸ್ ಕೊಡೋದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಜನ ಬಿಟ್ಟು ಬಿಡೋದು ಇದನ್ನೇ. ಯಾರು ಹೇಳಿದ್ರೋ ಅವರಿಗೆ ಮೊದಲು ಓದಿ ಹೇಳಿ, ಓದಕ್ಕೆ ಬರ್ಲಿ ಬರದೇ ಇರ್ಲಿ, ಗಟ್ಟಿಯಾಗಿ ಓದಿ. ಅವರು ತಿದ್ದುತಾರೆ, "ಹಂಗಲ್ಲ ತಮಾ, ತೊಗಟೆ ಮೂಡಣ ಕಡೆಯಿಂದ ತಗೀಬೇಕು ಅಂದಿದ್ದೆ" ಅಂತಾರೆ, ಜೊತೆಗೆ ಹೊಸದು ಎರಡು ಮಾತು ಸೇರಿಸ್ತಾರೆ. ಆಮೇಲೆ ಊರಿಗೆ ಓದಿ. ನಾವು ಭೂಮಿ ಹುಣ್ಣಿಮೆ ಹಿಂದಿನ ರಾತ್ರಿ ಇಟ್ಕಂಡಿದೀವಿ, ಹೆಂಗಸರು ಅಡುಗೆಗೆ ರಾತ್ರಿಯಿಡೀ ಎದ್ದಿರ್ತಾರಲ್ಲ, ಹುಡುಗ್ರು ಹುಡುಗೀರು ಸೊಪ್ಪಿನ ಬುಟ್ಟಿ ಸುತ್ತ ಕೂತು ಎಲೆ ಎತ್ತಿ ಹೆಸರು ಕೇಳ್ತಾರೆ, ಒಬ್ಳು ಪುಸ್ತಕ ನೋಡಿ ಟಿಕ್ ಹಾಕ್ತಾಳೆ. ಹೋದ ವರ್ಷ ಮೂವತ್ತೊಂದು ಆಯ್ತು. ಅಜ್ಜಿ ಲೆಕ್ಕಕ್ಕೆ ಇನ್ನೂ ಕಮ್ಮಿ.

ಒಂದೆರಡು ಸಣ್ಣ ವಿಷಯ. ಪೆನ್ಸಿಲಲ್ಲಿ ಬರೀರಿ, ಜೆಲ್ ಪೆನ್ನು ನಮ್ಮ ಮಳೆಗಾಲದ ಥಂಡಿಗೆ ಹಬ್ಬಿ ಹೋಗುತ್ತೆ. ಬೂಸ್ಟು ಹಿಡೀದಂಗೆ ಬಿಸಿಲು ಬಂದಾಗ ಪುಸ್ತಕ ಅಂಗಳದಲ್ಲಿ ಬಿಡಿಸಿಡಿ, ಆಷಾಢದಲ್ಲಿ ಅಡುಗೆ ಮನೆ ಒಲೆ ಮೇಲಿನ ಅಟ್ಟದಲ್ಲಿ. ವರ್ಷಕ್ಕೊಂದು ಸಲ ಎಲ್ಲಾ ಪುಟದ ಫೋಟೋ ತೆಗೆದು ಎರಡು ಬೇರೆ ಬೇರೆ ಮನೆಯೋರ ಫೋನಲ್ಲಿಡಿ. ಆಮೇಲೆ ಪ್ರತಿ ಪುಟದ ಹಿಂದಿನ ಮಗ್ಗುಲು ಖಾಲಿ ಬಿಡಿ, ತಿದ್ದಕ್ಕೆ ಬರೋರಿಗೆ ಜಾಗ ಬೇಕು.